ಕುರಿ ಬ್ಯಾರೆ, ಮನಷ್ಯಾ ಬ್ಯಾರೆ

ವಿಜಯಪುರದಲ್ಲಿ ತಲೆ ಬೋಳಾದವನಿಗೆ ಅಡ್ಡಹೆಸರು ಹುಡುಕುವ ಕಷ್ಟ ಯಾರಿಗೂ ಇಲ್ಲ. 17ನೆಯ ಶತಮಾನದಲ್ಲಿಯೇ ಮುಹಮ್ಮದ್ ಆದಿಲ್ ಶಾಹ ಅದನ್ನು ಕಲ್ಲು ಗಾರೆಯಲ್ಲಿ ಕಟ್ಟಿಸಿ ಇಟ್ಟುಹೋಗಿದ್ದಾನೆ. ನನಗೆ ಆ ಹೆಸರು ಅಂಟಿ ಆರು ವರ್ಷವಾಯಿತು. ಗೋಳಗುಮ್ಮಟದೊಳಗೆ ಆಡಿದ ಮಾತು ಏಳು ಸಲ ಮರಳಿ ಬರುತ್ತದೆಂದು ಗೈಡುಗಳು ಪ್ರವಾಸಿಗರಿಗೆ ಹೇಳುತ್ತಾರೆ. ನನ್ನ ಗುಮ್ಮಟದ ಮೇಲೆ ಕತ್ತರಿ ಹಿಡಿದು ನಿಂತವರು ಆಡಿದ ಮಾತುಗಳು ಮಾತ್ರ ನಲವತ್ತು ವರ್ಷಗಳಿಂದ ಮರಳಿ ಬರುತ್ತಲೇ ಇವೆ, ಮತ್ತು ಪ್ರತಿ ಸಲವೂ ಮೊದಲಿಗಿಂತ ಗಟ್ಟಿಯಾಗಿ ಕೇಳಿಸುತ್ತವೆ.

ನಮ್ಮ ಜಿಲ್ಲೆಯ ಜನ ಎದುರು ಮಾತನಾಡುವುದರಲ್ಲಿ ಹಿಂದೆ ಬಿದ್ದವರಲ್ಲ. ಕಚೇರಿಗಳಲ್ಲಿ ಮೇಜು ಕುಟ್ಟುತ್ತೇವೆ, ಡಾಕ್ಟರರು ಮೂರು ಗುಳಿಗೆ ಬರೆದುಕೊಟ್ಟರೆ ನಮ್ಮ ವಿವೇಚನೆಯಿಂದ ಎರಡೇ ನುಂಗುತ್ತೇವೆ, ಬಸ್ಸಿನ ಚಾಲಕನಿಗೆ ದಾರಿ ಹೇಳಿಕೊಡುತ್ತೇವೆ. ಅಂಥ ನಾವು ಕ್ಷೌರದ ಕುರ್ಚಿಯಲ್ಲಿ ಕುಳಿತು, ಕೊರಳಿಗೆ ಬಟ್ಟೆ ಬಿಗಿಸಿಕೊಂಡು, ಎರಡೂ ಕೈಗಳನ್ನು ಅದರೊಳಗೆ ಕಳೆದುಕೊಂಡ ಕ್ಷಣದಿಂದ ಯಾರು ಏನೆಂದರೂ ‘ಹೌದ್ರಿ’ ಎನ್ನುವ ಸಾತ್ವಿಕ ಜೀವಿಗಳಾಗಿಬಿಡುತ್ತೇವೆ. ಇದು ಗುರುಹಿರಿಯರ ಮೇಲಿನ ಶ್ರದ್ಧೆಯೆಂದು ನಾನು ಬಹಳ ದಿನ ತಿಳಿದಿದ್ದೆ. ಗಂಟಲಿನ ಉಬ್ಬಿನ ಮೇಲೆ ಬಂದು ನಿಲ್ಲುವ ಅರ್ಧ ಬ್ಲೇಡಿಗೂ ಈ ಶ್ರದ್ಧೆಗೂ ಇರುವ ಸಂಬಂಧ ತಡವಾಗಿ ಹೊಳೆಯಿತು.

ನಾನು ಹೋಗುವ ಅಂಗಡಿಯ ಹಿರಿಯರ ಕೈಯ ಬಗ್ಗೆ ಯಾರೂ ಒಂದು ಮಾತು ಆಡುವಂತಿಲ್ಲ. ಬ್ಲೇಡನ್ನು ಅದರ ಕಾಗದದೊಳಗೇ ಹಿಡಿದು ಎರಡಾಗಿ ಮುರಿಯುವ ನಯ, ಕೆನ್ನೆಯ ಚರ್ಮವನ್ನು ಹೆಬ್ಬೆರಳಿನಿಂದ ಬಿಗಿಹಿಡಿದು ಎಳೆಯುವ ಒಂದೇ ಎಳೆತ, ಕೊನೆಗೆ ಒದ್ದೆ ತುರಟಿಯ ಕಲ್ಲನ್ನು ಉರಿಯದಂತೆ ಸವರುವ ರೀತಿ, ಇವುಗಳನ್ನು ನೋಡಲೆಂದೇ ಸರದಿ ತಪ್ಪಿದರೂ ಕುಳಿತಿರಬಹುದು. ತೊಂದರೆಯೇನೆಂದರೆ ಆ ಕೈಗೆ ಸಲ್ಲಬೇಕಾದ ಮರ್ಯಾದೆಯನ್ನು ನಾವು ಬಾಯಿಗೂ ಸಲ್ಲಿಸುತ್ತ ಬಂದಿದ್ದೇವೆ.

ಕುರ್ಚಿಯ ಎರಡು ತೋಳುಗಳ ಮೇಲೆ ಅಡ್ಡ ಹಲಗೆಯಿಟ್ಟು ನನ್ನನ್ನು ಮೊದಲ ಸಲ ಕೂರಿಸಿದಾಗ ನನಗೆ ಐದು ವರ್ಷವಿರಬೇಕು. ಕೂದಲು ತೆಳ್ಳಗಿವೆಯೆಂದು ನನ್ನ ತಂದೆ ಚಿಂತೆ ತೋಡಿಕೊಂಡರು. ‘ಮೂರು ಸಲ ನುಣ್ಣಗ ಬೋಳಸ್ರಿ, ನಾಕನೇ ಸಲ ಕರಡಿಗಿ ಬಂದಂಗ ಬರ್ತಾವ’ ಎಂಬ ತೀರ್ಪು ಹೊರಬಿತ್ತು. ಜವಳದಲ್ಲಿ ದೇವರಿಗೆ ಒಮ್ಮೆ ಕೊಟ್ಟಾಗಿತ್ತು. ಇನ್ನೆರಡು ಸಲ ಈ ತತ್ವಕ್ಕೆ ಕೊಟ್ಟೆವು. ಕರಡಿ ಬರಲಿಲ್ಲ. ಅಮೆರಿಕದ ಅಂಗರಚನಾ ತಜ್ಞೆ ಮಿಲ್ಡ್ರೆಡ್ ಟ್ರಾಟರ್ ಎಂಬವರು ಈ ಪ್ರಶ್ನೆಯನ್ನು 1928ರಲ್ಲಿಯೇ ಕೈಗೆತ್ತಿಕೊಂಡು, ಗಂಡಸರಿಗೆ ಒಂದೇ ಕ್ರಮದಲ್ಲಿ ದಾಡಿ ಮಾಡಿಸಿ, ಬಿದ್ದ ಕೂದಲನ್ನು ಅಳೆದು, ಬೋಳಿಸುವುದರಿಂದ ಕೂದಲು ದಪ್ಪವೂ ಆಗುವುದಿಲ್ಲ, ಬೇಗ ಬೆಳೆಯುವುದೂ ಇಲ್ಲ ಎಂದು ಪ್ರಕಟಿಸಿದ್ದರು. ಮುಟ್ಟದೆ ಬಿಟ್ಟ ಕೂದಲಿನ ತುದಿ ಚೂಪಾಗಿರುತ್ತದೆ. ಕತ್ತರಿಸಿದ್ದು ಮೊಂಡಾಗಿ ಕೈಗೆ ಒರಟಾಗಿ ಹತ್ತುತ್ತದೆ. ಆ ಒರಟುತನವನ್ನೇ ನಾವು ದಪ್ಪವೆಂದು ಲೆಕ್ಕ ಹಿಡಿದಿದ್ದೇವೆ. ಕಾಲೇಜಿಗೆ ಬಂದ ಮೇಲೆ, ತಿಳಿವಳಿಕೆಯ ಅಹಂಕಾರದಿಂದ, ಹಿರಿಯರ ಮುಂದೆ ಒಂದು ವಾದ ಹೂಡಿದೆ: ನಮ್ಮ ಕಡೆ ಕುರಿಯ ಉಣ್ಣೆಯನ್ನು ವರ್ಷಕ್ಕೆ ಎರಡು ಸಲ ಕತ್ತರಿಸುತ್ತಾರೆ, ನಿಮ್ಮ ಮಾತು ನಿಜವಾಗಿದ್ದರೆ ಇಷ್ಟು ತಲೆಮಾರುಗಳಾದ ಮೇಲೆ ಕುರಿಯ ಮೈಯಲ್ಲಿ ಬಾವಿಯ ಹಗ್ಗ ಬೆಳೆಯಬೇಕಿತ್ತಲ್ಲ, ಕಂಬಳಿ ನೇಯುವುದು ಹೇಗೆ? ಅವರು ಕತ್ತರಿಯನ್ನು ಎರಡು ಸಲ ಗಾಳಿಯಲ್ಲಿ ಆಡಿಸಿ, ಶಾಂತವಾಗಿ, ‘ಕುರಿ ಬ್ಯಾರೆ, ಮನಷ್ಯಾ ಬ್ಯಾರೆ’ ಎಂದರು. ಸರದಿಯಲ್ಲಿ ಕುಳಿತ ಆರು ಜನ ತಲೆಯಾಡಿಸಿದರು. ನಾನೂ ಆಡಿಸುತ್ತಿದ್ದೆ, ಆದರೆ ಕಿವಿಯ ಹತ್ತಿರ ಕತ್ತರಿಯಿತ್ತು.

ಇದೇ ಹಿರಿಯರು ತಿಂಗಳು ತಪ್ಪದೆ ಕತ್ತರಿಸಿದರೆ ಕೂದಲು ಜೋರಾಗಿ ಬೆಳೆಯುತ್ತದೆಂದು ಸಾಧಿಸುವಾಗ ಮಾತ್ರ ಮನುಷ್ಯ ಮತ್ತು ದ್ರಾಕ್ಷಿ ಒಂದೇ ಆಗಿಬಿಡುತ್ತವೆ. ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ತೋಟದವರು ಗಿರಾಕಿಗಳಾಗಿರುವ ಊರಿನಲ್ಲಿ ಈ ಉಪಮೆಗೆ ಎದುರಾಳಿಯಿಲ್ಲ. ಏಪ್ರಿಲ್ ಚಾಟಣಿ, ಅಕ್ಟೋಬರ್ ಚಾಟಣಿ ಎಂದು ವರ್ಷಕ್ಕೆ ಎರಡು ಸಲ ಕಡ್ಡಿ ಕತ್ತರಿಸದಿದ್ದರೆ ಬಳ್ಳಿ ಬರೀ ಎಲೆ ಹೊತ್ತು ನಿಲ್ಲುತ್ತದೆಂಬುದು ತೋಟದಲ್ಲಿ ಕೂಲಿ ಮಾಡಿದ ಹುಡುಗನಿಗೂ ಗೊತ್ತು. ಆದರೆ ದ್ರಾಕ್ಷಿಯ ಕಡ್ಡಿಗೆ ಕಣ್ಣಿರುತ್ತದೆ, ಆ ಕಣ್ಣು ಜೀವಂತವಾಗಿರುತ್ತದೆ, ಕತ್ತರಿಸಿದ ಕಡೆಯಿಂದಲೇ ಚಿಗುರು ಒಡೆಯುತ್ತದೆ. ಕೂದಲಿಗೆ ಜೀವವಿರುವುದು ಚರ್ಮದೊಳಗಿನ ಬೇರಿನಲ್ಲಿ ಮಾತ್ರ. ಹೊರಗೆ ಬಂದದ್ದೆಲ್ಲ ಕೆರಾಟಿನ್ ಎಂಬ ಪ್ರೋಟೀನಿನ ಸತ್ತ ದಾರ. ತುದಿಯಲ್ಲಿ ಏನು ನಡೆಯಿತೆಂಬ ಸುದ್ದಿ ಬೇರಿಗೆ ತಲುಪುವ ವ್ಯವಸ್ಥೆಯೇ ಇಲ್ಲ. ಕತ್ತರಿಸಿದರೂ ಬಿಟ್ಟರೂ ಅದು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಷ್ಟು ತನ್ನ ಪಾಡಿಗೆ ಬೆಳೆಯುತ್ತದೆ, ಮತ್ತು ತಿಂಗಳಿಗೊಮ್ಮೆ ಬೆಳೆಯುವುದು ಗಿರಾಕಿಯ ಹಾಜರಿಯೊಂದೇ.

ಮೂವತ್ತರ ಹೊತ್ತಿಗೆ ಬಿಳಿಕೂದಲು ಬಂದವು. ಒಂದನ್ನು ಕಿತ್ತರೆ ಏಳು ಹುಟ್ಟುತ್ತವೆಂದು ಎಚ್ಚರಿಸಿದರು. ಒಂದು ರಂಧ್ರದೊಳಗಿನ ಬಣ್ಣದ ಕಣಗಳು ಕೆಲಸ ನಿಲ್ಲಿಸಿದರೆ ಆ ಕೂದಲು ಬೆಳ್ಳಗಾಗುತ್ತದೆ; ಅದನ್ನು ಕಿತ್ತರೆ ಅದೇ ರಂಧ್ರದಿಂದ ಇನ್ನೊಂದು ಬಿಳಿಕೂದಲು ಬರುತ್ತದೆ, ಪಕ್ಕದ ಮನೆಗೆ ಈ ವ್ಯವಹಾರದ ಅರಿವೂ ಇರುವುದಿಲ್ಲ. ನನಗೆ ಮಾತ್ರ ಈ ಏಳರ ಲೆಕ್ಕ ಇಂದಿಗೂ ಬಹಳ ಆಕರ್ಷಕವಾಗಿ ಕಾಣುತ್ತದೆ. ಒಂದಕ್ಕೆ ಏಳು ಕೊಡುವ ಠೇವಣಿ ಯಾವ ಸೊಸೈಟಿಯಲ್ಲಿಯೂ ಇಲ್ಲ. ನೆತ್ತಿಯಲ್ಲಿ ಉಳಿದ ಹತ್ತು ಬಿಳಿಕೂದಲನ್ನು ಇಂದು ಕಿತ್ತರೆ ಬರುವ ತಿಂಗಳು ಎಪ್ಪತ್ತು, ಅದರ ಮುಂದಿನ ತಿಂಗಳು ನಾನೂರಾ ತೊಂಬತ್ತು. ಯುಗಾದಿಯ ಹೊತ್ತಿಗೆ ಬೆಳ್ಳಗಾದರೂ ದಟ್ಟವಾದ ತಲೆಯೊಂದಿಗೆ ಬೇವು ಬೆಲ್ಲ ತಿನ್ನಬಹುದಿತ್ತು. ಬೋಳಾದವರು ಈ ಯೋಜನೆಯ ಲಾಭ ಪಡೆದ ಉದಾಹರಣೆ ಇದೆಯೇ ಎಂದು ಕೇಳಿದೆ. ‘ಕಿತ್ತೋರು ನೀವು, ನನಗೇನ ಕೇಳ್ತೀರಿ’ ಎಂದು ಮುಖದ ಮೇಲೆ ನೀರು ಸಿಂಪಡಿಸಿದರು.

ನಲವತ್ತಕ್ಕೆ ಹಣೆ ಹಿಂದೆ ಸರಿಯತೊಡಗಿತು. ಈ ವಿಷಯದಲ್ಲಿ ಕುರ್ಚಿ, ಸರದಿ ಮತ್ತು ರಸ್ತೆಯಲ್ಲಿ ಹೋಗುವವರು ಎಲ್ಲರದ್ದೂ ಒಂದೇ ಮಾತು: ನೀರು. ಸವಳು ನೀರು, ಬೋರಿನ ನೀರು. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಹೆಚ್ಚಿರುವುದರಿಂದ ಸಾಬೂನು ನೊರೆ ಬಿಡುವುದಿಲ್ಲ, ಕೂದಲು ಒರಟಾಗುತ್ತದೆ, ಅದು ನಿಜ. ಆದರೆ ಅದೇ ನಲ್ಲಿಯ ಕೆಳಗೆ ಮೂವತ್ತು ವರ್ಷದಿಂದ ತಲೆ ತೊಳೆಯುತ್ತಿರುವ ನನ್ನ ಮನೆಯವಳ ಜಡೆ ಇಂದಿಗೂ ಸೊಂಟ ಮುಟ್ಟುತ್ತದೆ. ನೀರಿಗೆ ಗಂಡಸರ ಮೇಲೆಯೇ ಯಾಕೆ ಸಿಟ್ಟು ಎಂದು ಯಾರೂ ಕೇಳುವುದಿಲ್ಲ. ಡಿಹೈಡ್ರೊಟೆಸ್ಟೊಸ್ಟೆರಾನ್ ಎಂಬ ಹಾರ್ಮೋನಿಗೆ ನೆತ್ತಿಯ ಬೇರುಗಳು ಸೊರಗುವ ಗುಣ ತಂದೆ ತಾಯಿ ಇಬ್ಬರ ಕಡೆಯಿಂದಲೂ ಬರುತ್ತದೆಂದು ಹೇಳಲು ಹೋದರೆ, ಸರದಿಯಲ್ಲಿದ್ದ ನಿವೃತ್ತ ಗುಮಾಸ್ತರೊಬ್ಬರು ಮಾತನ್ನು ಕೃಷ್ಣೆಯ ದಂಡೆಗೆ ಒಯ್ದರು. ಅವರ ಪ್ರಕಾರ, ಕೃಷ್ಣಾ ನೀರು ಮನೆಮನೆಗೆ ಇಪ್ಪತ್ನಾಲ್ಕು ತಾಸು ಬಂದರೆ ಈ ರೋಗವೇ ಇರುವುದಿಲ್ಲ. ಆಲಮಟ್ಟಿ ಅಣೆಕಟ್ಟಿನ ಎತ್ತರ 519.60 ಮೀಟರಿನಿಂದ ನ್ಯಾಯಮಂಡಳಿ ಒಪ್ಪಿದ 524.256 ಮೀಟರಿಗೆ ಏರುವವರೆಗೆ ನಮ್ಮ ಜಿಲ್ಲೆಯ ಗಂಡಸರ ಹಣೆಯ ಮುಳುಗಡೆ ನಿಲ್ಲುವುದಿಲ್ಲವೆಂದು ನಾನು ಅರ್ಥ ಮಾಡಿಕೊಂಡೆ. ಪರಿಹಾರದ ಮೊತ್ತ ಎಕರೆಗೆ ಎಷ್ಟೆಂದು ಸರ್ಕಾರ 2025ರಲ್ಲಿ ತೀರ್ಮಾನಿಸಿದೆ, ನೆತ್ತಿಗೆ ಎಷ್ಟು ಎಂಬುದು ಇನ್ನೂ ತೀರ್ಮಾನವಾಗಬೇಕಷ್ಟೆ.

ನೀರಿನ ನಂತರದ ಆರೋಪಿ ಹೆಲ್ಮೆಟ್. ಅದರಿಂದ ಕೂದಲು ಉದುರುತ್ತವೆಂಬ ಒಂದು ಮಾತು ಪೊಲೀಸರ ಸುರಕ್ಷತಾ ಅಭಿಯಾನಗಳನ್ನೆಲ್ಲ ಒಂದೇ ಉಸಿರಿನಲ್ಲಿ ಸೋಲಿಸಿದೆ. ನನ್ನ ವಿಷಯವನ್ನಾದರೂ ದಾಖಲಿಸುವುದು ಒಳ್ಳೆಯದು: ನಾನು ಹೆಲ್ಮೆಟ್ ಕೊಂಡದ್ದೇ ಬೋಳಾದ ಮೇಲೆ, ಮೇ ತಿಂಗಳ ಬಿಸಿಲಿಗೆ ನೆತ್ತಿ ಕಾದು ಹೆಂಚಾಗುತ್ತದೆಂದು. ಇನ್ನು, ರಕ್ತದೊತ್ತಡದ ಗುಳಿಗೆಯಾಗಿ ಹುಟ್ಟಿ, ಮೈಯೆಲ್ಲ ಕೂದಲು ಬೆಳೆಸುವ ಅಡ್ಡಪರಿಣಾಮದಿಂದ ಹೆಸರಾಗಿ, 1988ರಲ್ಲಿ ಅಮೆರಿಕದಲ್ಲಿ ತಲೆಗೆ ಹಚ್ಚಲು ಒಪ್ಪಿಗೆ ಪಡೆದ ಮಿನಾಕ್ಸಿಡಿಲ್ ಎಂಬ ಔಷಧವನ್ನು ಚರ್ಮವೈದ್ಯರು ನನಗೆ ಬರೆದುಕೊಟ್ಟಾಗ, ಹಿರಿಯರು ‘ಅದು ಕೆಮಿಕಲ್ ಐತ್ರಿ’ ಎಂದು ಬಿಡಿಸಿದರು. ಬದಲಿಗೆ ಹೆಸರಿಲ್ಲದ ಬಾಟಲಿಯಲ್ಲಿ ಗಿಣಿ ಹಸಿರಿನ ಎಣ್ಣೆಯೊಂದನ್ನು ಕೊಟ್ಟರು. ದಿಂಬಿನ ಮೇಲೆ ಆ ಬಣ್ಣ ಈಗಲೂ ಇದೆ. ಹುಡುಗನೊಬ್ಬನ ಗಡ್ಡದಲ್ಲಿ ನಾಣ್ಯದಷ್ಟು ಅಗಲ ಕೂದಲು ಮಾಯವಾದರೆ ‘ಹುಳ ತಿಂದೈತಿ’ ಎಂದು ಉಳ್ಳಾಗಡ್ಡಿ ತಿಕ್ಕಿಸುತ್ತಾರೆ. ದೇಹದ ರಕ್ಷಣಾ ಪಡೆಯೇ ತಪ್ಪಿ ತನ್ನ ಬೇರಿನ ಮೇಲೆ ಬಿದ್ದಿರುವ ಕಾಯಿಲೆಯದು, ಅಲ್ಲಿ ಹುಳ ಯಾರಿಗೂ ಇದುವರೆಗೆ ಸಿಕ್ಕಿಲ್ಲ. ಮಂಗಳವಾರದ ವಿಷಯ ನಾನು ಎತ್ತುವುದಿಲ್ಲ. ದುಡಿಯುವವರಿಗೆ ವಾರಕ್ಕೊಂದು ರಜೆ ಬೇಕು, ಅದಕ್ಕೆ ದೇವರ ಸಹಿ ಇದ್ದರೆ ಇನ್ನೂ ಗಟ್ಟಿ.

ಇಷ್ಟರವರೆಗೆ ನಷ್ಟವಾದದ್ದು ಕೂದಲು, ದಿಂಬು ಮತ್ತು ಸ್ವಲ್ಪ ಹಣ. ಆದರೆ ಕಟಿಂಗ್ ಮುಗಿದ ಮೇಲೆ ನಡೆಯುವ ಒಂದು ವಿಧಿಯಿದೆ. ಬೆನ್ನಿಗೆ ನಾಲ್ಕು ಗುದ್ದು, ಬೆರಳುಗಳ ಲಟಿಕೆ, ನಂತರ ಒಂದು ಅಂಗೈ ಗದ್ದದ ಕೆಳಗೆ, ಇನ್ನೊಂದು ನೆತ್ತಿಯ ಹಿಂದೆ. ಗಿರಾಕಿ ಕಣ್ಣು ಮುಚ್ಚಿರುವಾಗ ಕುತ್ತಿಗೆಯನ್ನು ಎಡಕ್ಕೊಂದು ಸಲ, ಬಲಕ್ಕೊಂದು ಸಲ ಥಟ್ಟನೆ ತಿರುವಿದರೆ ಒಣಕಟ್ಟಿಗೆ ಮುರಿದ ಸದ್ದು ಬರುತ್ತದೆ. ‘ಗ್ಯಾಸ್ ಹೊರಗ ಹೋತ್ರಿ’ ಎಂದು ವಿವರಣೆ ಕೊಡುತ್ತಾರೆ. ಕೀಲಿನೊಳಗಿನ ದ್ರವದಲ್ಲಿ ಅನಿಲದ ಗುಳ್ಳೆಯಿಂದ ಆ ಸದ್ದು ಬರುವುದೇನೋ ಹೌದು. ಅಲ್ಲಿಂದ ಹೊರಗೆ ಹೋಗಲು ಅದಕ್ಕೆ ಬಾಗಿಲಿಲ್ಲ. ಕುತ್ತಿಗೆಯ ಮಣಿಗಳ ಪಕ್ಕದ ಸಣ್ಣ ತೂತುಗಳ ಮೂಲಕ ಎರಡು ಅಪಧಮನಿಗಳು ಮಿದುಳಿಗೆ ರಕ್ತ ಒಯ್ಯುತ್ತವೆ. ಥಟ್ಟನೆ ತಿರುವಿದಾಗ ಅವುಗಳ ಒಳಪದರ ಹರಿದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ ಲಕ್ವಾ ಹೊಡೆಯಬಹುದು. ತಲೆ ತೊಳೆಯಲು ಕುತ್ತಿಗೆಯನ್ನು ಹಿಂದಕ್ಕೆ ಬಾಗಿಸಿದ್ದರಿಂದಲೇ ಹೀಗಾದ ಐದು ಪ್ರಕರಣಗಳನ್ನು ಅಮೆರಿಕದ ನರರೋಗ ತಜ್ಞ ಮೈಕೆಲ್ ವೈಂಟ್ರಾಬ್ 1993ರಲ್ಲಿ ವರದಿ ಮಾಡಿ, ಅದಕ್ಕೆ ಬ್ಯೂಟಿ ಪಾರ್ಲರಿನ ಹೆಸರನ್ನೇ ಇಟ್ಟಿದ್ದರು. ಅಷ್ಟು ದೂರ ಬೇಡವೆನ್ನುವವರಿಗೆ ಬಳ್ಳಾರಿ ಇದೆ: 2024ರಲ್ಲಿ ಅಲ್ಲಿನ ಮೂವತ್ತರ ಯುವಕನೊಬ್ಬ ಪುಕ್ಕಟೆಯಾಗಿ ಸಿಕ್ಕ ತಲೆ ಮಾಲೀಸಿನಲ್ಲಿ ಕುತ್ತಿಗೆ ತಿರುವಿಸಿಕೊಂಡು ಪಾರ್ಶ್ವವಾಯುವಿಗೆ ತುತ್ತಾದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಆ ಪತ್ರಿಕೆ ನಮ್ಮ ಅಂಗಡಿಗೂ ಬರುತ್ತದೆ. ಮರುದಿನ ಅದೇ ಹಾಳೆಯ ತುಂಡಿನ ಮೇಲೆ ಬ್ಲೇಡಿನ ನೊರೆ ಒರೆಸಿದ್ದನ್ನು ಕಣ್ಣಾರೆ ನೋಡಿದ್ದೇನೆ.

ಹಿರಿಯರ ಮಗ ಪುಣೆಯಲ್ಲಿ ಕೋರ್ಸ್ ಮುಗಿಸಿ ಬಂದು ಪಕ್ಕದ ಮಳಿಗೆಯಲ್ಲಿ ಏಸಿ, ಗಾಜಿನ ಬಾಗಿಲು, ಕಪ್ಪು ಏಪ್ರನ್ನುಗಳ ಯುನಿಸೆಕ್ಸ್ ಸಲೂನ್ ತೆರೆದಿದ್ದಾನೆ. ಅವನು ತಂದೆಯ ಮಾತುಗಳನ್ನು ಮೂಢನಂಬಿಕೆಯೆಂದು ನಗುತ್ತಾನೆ. ಕುರಿಯ ಪ್ರಶ್ನೆಯಲ್ಲಿ ನನ್ನ ಪಕ್ಷವನ್ನೇ ವಹಿಸಿದ. ನಂತರ ನನ್ನ ಮಗಳ ಕೂದಲನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಕೂದಲು ಹಸಿದಿವೆ, ಪ್ರೋಟೀನ್ ಕೊಡಬೇಕು, ಮೂರು ತಿಂಗಳಿಗೊಮ್ಮೆ ಕೆರಾಟಿನ್ ಮಾಡಿಸಬೇಕು ಎಂದು ಐದು ಸಾವಿರದ ದರಪಟ್ಟಿ ಮುಂದಿಟ್ಟ. ಸತ್ತವರಿಗೆ ಉಣಬಡಿಸುವ ಪದ್ಧತಿ ನಮ್ಮಲ್ಲಿಯೂ ಇದೆ, ಆದರೆ ಅದು ವರ್ಷಕ್ಕೊಮ್ಮೆ, ಮಹಾಲಯದ ಹೊತ್ತಿಗೆ, ಕಾಗೆ ಬಂದು ತಿಂದು ಹೋದರೆ ತೃಪ್ತಿ. ಇಲ್ಲಿ ಮೂರು ತಿಂಗಳಿಗೊಮ್ಮೆ ಎಡೆ, ಮತ್ತು ಉಂಡದ್ದಕ್ಕೆ ಸಾಕ್ಷಿಯಾಗಿ ಕಾಗೆಯೂ ಇಲ್ಲ. ಬಿಸಿ ಇಸ್ತ್ರಿ ಎಳೆಯುವಾಗ ಕಣ್ಣು ಉರಿಸುವ ಹೊಗೆ ಬಂತು. ಇಂಥ ಹಲವು ದ್ರಾವಣಗಳು ಕಾಯಿಸಿದಾಗ ಫಾರ್ಮಾಲ್ಡಿಹೈಡ್ ಬಿಡುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಕ್ಯಾನ್ಸರ್‌ಕಾರಕವೆಂದು ಪಟ್ಟಿ ಮಾಡಿದೆ, ಮತ್ತು ಮೆಡಿಕಲ್ ಕಾಲೇಜುಗಳಲ್ಲಿ ಹೆಣ ಕೆಡದಂತೆ ಇಡುವ ಫಾರ್ಮಲಿನ್ ಅದರದ್ದೇ ನೀರು. ಸತ್ತ ಕೂದಲಿಗೆ ಇದಕ್ಕಿಂತ ತಕ್ಕ ಉಪಚಾರ ಬೇರೆ ಇರಲಾರದು. ತಂದೆಯ ತಪ್ಪಿಗೆ ನಾನು ತೆತ್ತದ್ದು ಎರಡು ಬೋಳಿಕೆ; ಮಗನ ವಿಜ್ಞಾನಕ್ಕೆ ಕಂತು ಕಟ್ಟುತ್ತಿದ್ದೇನೆ.

ಹೋದ ರವಿವಾರ ಮತ್ತೆ ಹಿರಿಯರ ಕುರ್ಚಿಗೇ ಹೋದೆ. ಹಿಂದಲೆಯಲ್ಲಿ ಉಳಿದ ಕೂದಲಿಗೆ ಏಸಿಯ ಅಗತ್ಯವಿಲ್ಲ. ನೊರೆ ಹಚ್ಚಿ, ಬ್ಲೇಡು ಮುರಿದು, ಗದ್ದವನ್ನು ಮೇಲೆತ್ತಿ, ‘ಪೇಪರ್‌ನ್ಯಾಗ ನಮ್ಮ ಬಗ್ಗೆ ಏನೋ ಬರ್ಯಾಕತ್ತೀರಂತ’ ಎಂದರು. ಬ್ಲೇಡು ಕಿವಿಯ ಕೆಳಗಿನಿಂದ ಹೊರಟು ಗಂಟಲಿನ ಕಡೆಗೆ ಬರುತ್ತಿತ್ತು. ಚಲೋದೇ ಬರೆಯುತ್ತಿದ್ದೇನೆಂದೆ. ಪಕ್ಕದ ಕುರ್ಚಿಯ ಅಡ್ಡ ಹಲಗೆಯ ಮೇಲೆ ಐದು ವರ್ಷದ ಹುಡುಗನೊಬ್ಬ ಬಾಯಿ ಬಿಗಿಹಿಡಿದು ಕುಳಿತಿದ್ದ. ಅವನ ತಂದೆ, ನಾಲ್ಕು ಅಕ್ಷರ ಓದಿದವನೆಂದು ನನ್ನನ್ನು ಗುರುತಿಸಿ, ‘ಸರ್, ಮೂರು ಸಲ ಬೋಳಸಿದ್ರ ಕೂದ್ಲಾ ದಪ್ಪ ಬರ್ತಾವ ಅಂತಾರಲ್ಲ, ಖರೇನ್ರಿ?’ ಎಂದು ಕೇಳಿದ. ಬ್ಲೇಡು ಗಂಟಲಿನ ಉಬ್ಬಿನ ಮೇಲೆ ನಿಂತಿತು. ಹಿರಿಯರೂ ನನ್ನ ಉತ್ತರಕ್ಕೆ ಕಾಯುತ್ತಿದ್ದರು.

‘ಖರೇ ಐತ್ರಿ,’ ಎಂದೆ, ‘ಕರಡಿಗಿ ಬಂದಂಗ ಬರ್ತಾವ.’