ಅರ್ಥವಾಯ್ತಾ? ಆಯ್ತು ಸಾರ್!

ಪಾಠ ಯೋಜನೆಯ ಹಾಳೆಯೊಳಗೆ ಎಲ್ಲವೂ ಸುಸೂತ್ರ. ಅಲ್ಲಿನ ಮಕ್ಕಳು ‘ಆಸಕ್ತಿಯಿಂದ ಆಲಿಸುತ್ತಾರೆ’, ‘ಗುಂಪಿನಲ್ಲಿ ಚರ್ಚಿಸುತ್ತಾರೆ’, ಕೊನೆಗೆ ‘ಸರಿಯಾಗಿ ಉತ್ತರಿಸುತ್ತಾರೆ’. ಆ ಹಾಳೆಯ ಯಾವ ಕಾಲಂನಲ್ಲೂ ಯಾರೂ ಪೆನ್ನು ಮರೆತು ಬರುವುದಿಲ್ಲ, ನೀರು ಕುಡಿದು ಬರುತ್ತೇನೆ ಎಂದು ಎದ್ದು ನಿಲ್ಲುವುದಿಲ್ಲ. ತರಗತಿಯ ಬಾಗಿಲು ದಾಟಿದ ಮೇಲೆ ನಡೆಯುವುದು ಬೇರೆಯದೇ ಪಾಠ. ಆಗ ಎದುರಾಗುವ ಅವಾಂತರಗಳಲ್ಲಿ ಬಹುಪಾಲು ಮಕ್ಕಳ ತಪ್ಪೂ ಅಲ್ಲ, ಮೇಷ್ಟ್ರ ಹಣೆಬರಹವೂ ಅಲ್ಲ. ಅವು ಹಿಂದಿನ ರಾತ್ರಿಯೇ ಯೋಜನೆಯೊಳಗೆ ಸೇರಿಕೊಂಡಿರುತ್ತವೆ.

ಅವು ಒಳಗೆ ಬರುವ ದಾರಿ ಸಾಮಾನ್ಯವಾಗಿ ಸ್ಲೈಡು. ಪಾಠದ ತಯಾರಿ ಎಂದೊಡನೆ ಕಂಪ್ಯೂಟರ್ ತೆರೆದು ಶೀರ್ಷಿಕೆಗೆ ಒಪ್ಪುವ ಬಣ್ಣ ಹುಡುಕಲು ಕೂರುತ್ತೇವೆ. ಮಲಗುವ ಹೊತ್ತಿಗೆ 38 ಸ್ಲೈಡು ಸಿದ್ಧ, ಅದರಲ್ಲಿ ಆರು ತಿರುಗುತ್ತಲೂ ಬರುತ್ತವೆ. ಇಷ್ಟೆಲ್ಲ ಆದ ಮೇಲೆ ಮಕ್ಕಳಿಗೆ ಏನು ಬರಬೇಕು ಎಂಬ ಪ್ರಶ್ನೆ ಮಾತ್ರ ತಿಂಗಳ ಪರೀಕ್ಷೆಯವರೆಗೆ ಬಾಕಿ. ಬೋಧನಾ ವಿನ್ಯಾಸದ, ಅಂದರೆ ಪಾಠವನ್ನು ಮೊದಲೇ ಯೋಚಿಸಿ ಕಟ್ಟುವ ವಿದ್ಯೆಯ, ಮೊದಲ ಕೆಲಸವೇ ಈ ಕ್ರಮವನ್ನು ತಿರುಗಿಸಿ ಹಾಕುವುದು. ಮೊದಲು ಗುರಿ. ಗುರಿ ಮುಟ್ಟಿದ್ದಕ್ಕೆ ಸಾಕ್ಷಿ ಹೇಳುವ ಪ್ರಶ್ನೆ ಆಮೇಲೆ. ಆ ಪ್ರಶ್ನೆಗೆ ಉತ್ತರಿಸಲು ಬೇಕಾದ ಅಭ್ಯಾಸ ಮೂರನೆಯದು. ಸ್ಲೈಡು, ಬೇಕೇ ಬೇಕಾದರೆ, ಕೊನೆಗೆ.

ಗುರಿ ಬರೆಯುವಲ್ಲಿ ನಮ್ಮ ಕೈ ತಾನಾಗಿ ‘ತಿಳಿಯುವರು, ಅರಿಯುವರು, ಮನಗಾಣುವರು’ ಎಂದು ಓಡುತ್ತದೆ. ಮನಗಂಡದ್ದನ್ನು ಕಣ್ಣಿಂದ ನೋಡುವುದು ಹೇಗೆ? ಅಮೆರಿಕದ ಬೋಧನಾ ವಿನ್ಯಾಸ ತಜ್ಞ ರಾಬರ್ಟ್ ಮೇಗರ್ 1962ರಲ್ಲೇ ಇದಕ್ಕೆ ಮೂರು ಭಾಗದ ಅಚ್ಚು ಕೊಟ್ಟರು: ಯಾವ ಸನ್ನಿವೇಶದಲ್ಲಿ, ಏನು ಮಾಡಬೇಕು, ಎಷ್ಟು ಚೆನ್ನಾಗಿ. ‘ಭಿನ್ನರಾಶಿಯ ಸಂಕಲನ ತಿಳಿಯುವರು’ ಎಂಬುದನ್ನು ಆ ಅಚ್ಚಿಗೆ ಹಾಕಿದರೆ, ‘ಛೇದ ಬೇರೆಬೇರೆ ಇರುವ 5 ಲೆಕ್ಕ ಕೊಟ್ಟಾಗ, ಯಾರ ನೆರವೂ ಇಲ್ಲದೆ, 10 ನಿಮಿಷದಲ್ಲಿ ಕನಿಷ್ಠ 4ನ್ನು ಸರಿಯಾಗಿ ಮಾಡುವರು’ ಎಂದಾಗುತ್ತದೆ. ಓದಲು ಸ್ವಲ್ಪ ಒರಟು, ನಿಜ. ಆದರೆ ಇದರಲ್ಲಿ ಪರೀಕ್ಷೆಯ ಪ್ರಶ್ನೆಪತ್ರಿಕೆ ಆಗಲೇ ಕುಳಿತಿದೆ.

ಗುರಿಗೆ ತಕ್ಕ ಕ್ರಿಯಾಪದ ಸಿಗದಿದ್ದರೆ ಶಿಕ್ಷಣ ಮನೋವಿಜ್ಞಾನಿ ಬೆಂಜಮಿನ್ ಬ್ಲೂಮ್ ಅವರ ಏಣಿ, ಅಂದರೆ ಕಲಿಕೆಯ ಮಟ್ಟಗಳ ಪಟ್ಟಿ, ಇದೆ. 1956ರದು, 2001ರಲ್ಲಿ ಪರಿಷ್ಕರಣೆಯಾದ ಮೇಲೆ ಅದರ ಆರು ಮೆಟ್ಟಿಲು ನೆನಪಿಡು, ಅರ್ಥಮಾಡಿಕೊ, ಅನ್ವಯಿಸು, ವಿಶ್ಲೇಷಿಸು, ಮೌಲ್ಯ ನಿರ್ಣಯಿಸು, ಸೃಷ್ಟಿಸು. ಏಣಿ ಕಂಡ ಕೂಡಲೇ ತುದಿಗೇರುವ ಚಪಲ ಬೇರೆ! ಉದ್ದೇಶದಲ್ಲಿ ‘ವಿಶ್ಲೇಷಿಸುವರು’, ತರಗತಿಯಲ್ಲಿ ಹಲಗೆ ನೋಡಿ ನಕಲು, ಪರೀಕ್ಷೆಯಲ್ಲಿ ‘ವ್ಯಾಖ್ಯಾನಿಸಿ, 2 ಅಂಕ’. ಮೂರೂ ಒಂದೇ ಪಾಠದ ಹೆಸರಿನಲ್ಲಿರುತ್ತವೆ, ಒಂದಕ್ಕೊಂದು ಮುಖಪರಿಚಯ ಇರುವುದಿಲ್ಲ. ಚಾರ್ಟಿಗೆ ಬಣ್ಣ ತುಂಬಿದ್ದನ್ನು ‘ಸೃಷ್ಟಿ’ಯ ಕಾಲಂಗೆ ಸೇರಿಸುವವರೂ ಇದ್ದಾರೆ, ಮೂಲ ಚಿತ್ರ ಬರೆದವರು ಏನೆಂದುಕೊಳ್ಳುತ್ತಾರೋ.

ಮುಂದಿನ ಎಡವಟ್ಟಿಗೆ ಕಾರಣ ಮೇಷ್ಟ್ರ ಜಾಣತನ. ಮನೋವಿಜ್ಞಾನದ ಸಂಶೋಧಕಿ ಎಲಿಜಬೆತ್ ನ್ಯೂಟನ್ 1990ರಲ್ಲಿ ಕೆಲವರಿಂದ ಹೆಸರುವಾಸಿ ಹಾಡುಗಳ ಲಯವನ್ನು ಮೇಜಿನ ಮೇಲೆ ಬೆರಳಿನಿಂದ ಕುಟ್ಟಿಸಿದರು. ಎದುರು ಕುಳಿತವರು ಅರ್ಧದಷ್ಟು ಹಾಡು ಗುರುತಿಸುತ್ತಾರೆಂದು ಕುಟ್ಟಿದವರ ಅಂದಾಜು. ಗುರುತು ಸಿಕ್ಕಿದ್ದು 120ರಲ್ಲಿ 3. ಕುಟ್ಟುವವರ ತಲೆಯೊಳಗೆ ಇಡೀ ಹಾಡು ನಡೆಯುತ್ತಿರುತ್ತದೆ, ಕೇಳುವವರಿಗೆ ಸಿಗುವುದು ಟಕಟಕ ಮಾತ್ರ. ‘ಇದು ಬಹಳ ಸುಲಭ’ ಎಂದು ಪಾಠ ಶುರುಮಾಡುವವರು ಈ ಟಕಟಕವನ್ನು ಮರೆಯಬಾರದು. ಅರ್ಥವಾಗದ ಮಗುವಿಗೆ ಆ ಮಾತಿನಿಂದ ಸಿಗುವ ಒಂದೇ ಹೊಸ ಮಾಹಿತಿ, ತಾನು ದಡ್ಡ ಎಂಬುದು.

ಇದಕ್ಕೆ ಮದ್ದು, ಲೆಕ್ಕವನ್ನು ಮೇಷ್ಟ್ರು ಸ್ವತಃ ಬಿಡಿಸಿ, ಕೈ ಮಾಡಿದ ಪ್ರತಿಯೊಂದು ಹೆಜ್ಜೆಯನ್ನೂ ಬರೆದುಕೊಳ್ಳುವುದು. ‘ಛೇದ ಸಮ ಮಾಡಿ ಕೂಡಿಸಿ’ ಎಂದು ಎರಡೇ ಹೆಜ್ಜೆ ಅನ್ನಿಸಿದ್ದು ಬರೆಯುತ್ತ ಹೋದರೆ ಐದೋ ಆರೋ ಆಗುತ್ತದೆ. ಹೊಸ ವಿಷಯವನ್ನು ನಮ್ಮ ತಲೆ ಒಮ್ಮೆಗೆ ಹಿಡಿದಿಟ್ಟುಕೊಳ್ಳುವ ಮಿತಿ ಏಳು ಸಂಗತಿಗಳ ಆಸುಪಾಸು ಎಂದು 1956ರಲ್ಲಿ ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ ಹೇಳಿದ್ದರು. 2001ರಲ್ಲಿ ಇನ್ನೊಬ್ಬ ಮನೋವಿಜ್ಞಾನಿ ನೆಲ್ಸನ್ ಕೋವನ್ ಅದನ್ನು ನಾಲ್ಕರ ಹತ್ತಿರಕ್ಕೆ ಇಳಿಸಿದರು. ಆದ್ದರಿಂದ ಆರನ್ನೂ ಒಂದೇ ಉಸಿರಿಗೆ ಸುರಿಯದೆ, ಮೊದಲ ಉದಾಹರಣೆಯನ್ನು ಪೂರ್ತಿ ಬಿಡಿಸಿ ತೋರಿಸಿ. ಎರಡನೆಯದರಲ್ಲಿ ಕೊನೆಯ ಹೆಜ್ಜೆ ಖಾಲಿ ಬಿಡಿ, ಮೂರನೆಯದರಲ್ಲಿ ಕೊನೆಯ ಎರಡು. ನಾಲ್ಕನೆಯದು ಪೂರ್ತಿ ಮಕ್ಕಳದು. ಮೊದಲ ಉದಾಹರಣೆಯಾದೊಡನೆ ‘ಉಳಿದ ಇಪ್ಪತ್ತು ಮನೆಯಲ್ಲಿ’ ಎಂದರೆ ಆ ಇಪ್ಪತ್ತನ್ನು ಮಾಡುವುದು ಮನೆಯವರು.

ಸ್ಲೈಡಿನ ಸಾಲುಗಳನ್ನು ಅಕ್ಷರಕ್ಕೆ ಅಕ್ಷರ ಓದಿ ಹೇಳುವುದರಿಂದಲೂ ತಲೆ ತುಂಬುತ್ತದೆ. ಮಕ್ಕಳ ಕಣ್ಣು ಮೂರನೆಯ ಸಾಲಿನಲ್ಲಿದ್ದಾಗ ಮೇಷ್ಟ್ರ ದನಿ ಮೊದಲನೆಯದರಲ್ಲಿರುತ್ತದೆ; ಎರಡೂ ಪದಗಳೇ ಆದ್ದರಿಂದ ಒಂದನ್ನೊಂದು ಕೆಡಿಸುತ್ತವೆ. ಚಿತ್ರ ತೋರಿಸಿ ಮಾತಾಡಿ, ಇಲ್ಲವೇ ಪಠ್ಯ ತೋರಿಸಿ ಸುಮ್ಮನಿರಿ. ಎರಡನೆಯದು ಮೇಷ್ಟ್ರಿಗೆ ಕಷ್ಟ.

ಇನ್ನು ಆ ಮಹಾಪ್ರಶ್ನೆ: ‘ಅರ್ಥವಾಯ್ತಾ?’ ಇದಕ್ಕೆ ಬರುವ ‘ಆಯ್ತು ಸಾರ್’ ಎಂಬ ಸಮೂಹಗಾನದಿಂದ ತಿಳಿಯುವುದು ಮಕ್ಕಳ ಗಂಟಲು ಸರಿಯಾಗಿದೆ ಎಂಬುದಷ್ಟೆ. ಅರ್ಥವಾಗದವರಿಗೆ ಏನು ಅರ್ಥವಾಗಿಲ್ಲ ಎಂಬುದೂ ಗೊತ್ತಿರುವುದಿಲ್ಲ, ಪಾಪ ಕೈ ಹೇಗೆ ಎತ್ತುತ್ತಾರೆ? ಬದಲಿಗೆ ಒಂದು ಬಹು ಆಯ್ಕೆ ಪ್ರಶ್ನೆ ಹಾಕಿ: 1/2 + 1/3 ಎಷ್ಟು? ಆಯ್ಕೆಗಳು 5/6, 2/5, 2/6, 1/6. ಎಲ್ಲರೂ ಒಟ್ಟಿಗೆ, ಪಕ್ಕದವರ ಮುಖ ನೋಡದೆ, ತಮ್ಮ ಉತ್ತರ ಎಷ್ಟನೆಯ ಆಯ್ಕೆ ಎಂದು ಬೆರಳಿನಲ್ಲಿ ತೋರಿಸಬೇಕು. 2/5 ಎಂದವರು ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದ್ದಾರೆ. 2/6 ಎಂದವರು ಛೇದ ಸಮ ಮಾಡಿ ಅಂಶವನ್ನು ಮುಟ್ಟದೆ ಬಿಟ್ಟಿದ್ದಾರೆ. 1/6 ಎಂದವರು ಗುಣಿಸಿದ್ದಾರೆ. ಮೂರು ಕಾಯಿಲೆಗೆ ಮೂರು ಚೀಟಿ. ಎಲ್ಲರಿಗೂ ಮೊದಲಿಂದ ಅದೇ ಪಾಠ ಒಪ್ಪಿಸಬೇಕಿಲ್ಲ. ತಪ್ಪು ಆಯ್ಕೆಗಳ ಜಾಗಕ್ಕೆ 97, 418 ಎಂದು ಕೈಗೆ ಬಂದ ಸಂಖ್ಯೆ ತುಂಬಿದರೆ ಈ ಲಾಭ ಸಿಗದು. ಸರಿಯುತ್ತರವನ್ನು ಮಾತ್ರ ಎಚ್ಚರಿಕೆಯಿಂದ ಉದ್ದಕ್ಕೆ ಬರೆಯುವ ಚಾಳಿಯನ್ನೂ ಬಿಡಬೇಕು. ಪಾಠ ಓದದವರು ಅತಿ ಉದ್ದದ ಆಯ್ಕೆಗೆ ಗುರುತು ಹಾಕಿ ಪಾಸಾಗುತ್ತಾರೆ.

ಬಾಯಿಮಾತಿನ ಪ್ರಶ್ನೆ ಕೇಳಿದಾಗ ಕಾಯುವುದೂ ವಿನ್ಯಾಸದ ಭಾಗವೇ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಅವರ ಅಧ್ಯಯನಗಳಲ್ಲಿ ಶಿಕ್ಷಕರು ಉತ್ತರಕ್ಕೆ ಕಾಯುತ್ತಿದ್ದುದು ಸರಾಸರಿ ಒಂದು ಸೆಕೆಂಡಿನಷ್ಟು. ಅದನ್ನು ಮೂರಕ್ಕೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ‘ಗೊತ್ತಿಲ್ಲ’ ಕಡಿಮೆಯಾಯಿತು. ಮೂರು ಸೆಕೆಂಡು ಏನು ಮಹಾ ಎನ್ನಬೇಡಿ. ಇಡೀ ತರಗತಿ ನಿಮ್ಮನ್ನೇ ನೋಡುತ್ತಿರುವಾಗ ಬಾಯಿ ಮುಚ್ಚಿ ನಿಲ್ಲುವ ಮೂರು ಸೆಕೆಂಡು ಒಂದು ಯುಗ.

ಗುಂಪು ಚಟುವಟಿಕೆಯ ಗದ್ದಲಕ್ಕೆ ಕಾರಣ ಗುಂಪಲ್ಲ, ಸೂಚನೆಯ ಕ್ರಮ. ಹಾಳೆ ಹಂಚಿದ ಮೇಲೆ ಮಾತು ಯಾರ ಕಿವಿಗೂ ಬೀಳುವುದಿಲ್ಲ, ಬೆಂಚು ಎಳೆದ ಮೇಲಂತೂ ದೇವರೇ ಗತಿ. ಕುಳಿತಲ್ಲೇ ಸೂಚನೆ ಕೊಡಿ, ಮೂರು ಹೆಜ್ಜೆ ಮೀರದಂತೆ ಹಲಗೆಯ ಮೇಲೆ ಬರೆಯಿರಿ, ಒಬ್ಬರ ಬಾಯಲ್ಲಿ ಮರಳಿ ಹೇಳಿಸಿ, ಆಮೇಲೆ ಎಬ್ಬಿಸಿ, ಹಾಳೆ ಕೊನೆಗೆ. ಗುಂಪಿಗೆ ಮೂವರು ಅಥವಾ ನಾಲ್ವರು ಸಾಕು. ಏಳು ಜನರಿದ್ದರೆ ಇಬ್ಬರು ದುಡಿಯುತ್ತಾರೆ, ಉಳಿದವರು ಮೇಲ್ವಿಚಾರಣೆ ವಹಿಸಿಕೊಳ್ಳುತ್ತಾರೆ.

40 ನಿಮಿಷದ ಅವಧಿಗೆ 40 ನಿಮಿಷದ ಯೋಜನೆ ಬರೆಯುವುದು ಭಂಡ ಧೈರ್ಯ. ಹಾಜರಿಗೆ, ಕೂರುವುದಕ್ಕೆ 4 ತೆಗೆದಿಡಿ. ಹಿಂದಿನ ಪಾಠ ಕೆದಕಲು 5, ಹೊಸದಕ್ಕೆ 10, ಒಟ್ಟಿಗೆ ಬಿಡಿಸಲು 6, ಒಂಟಿಯಾಗಿ ಅಭ್ಯಾಸಕ್ಕೆ 8, ಹೊರಡುವ ಮುನ್ನ ಒಂದು ಪ್ರಶ್ನೆಗೆ 4. ಉಳಿದ 3 ನಿಮಿಷ ಧ್ವನಿವರ್ಧಕದ ಪ್ರಕಟಣೆಗೆ. ಅದು ಬಂದೇ ಬರುತ್ತದೆ. ಸಮಯ ಸಾಲದಾದಾಗ ಮೊದಲು ಬಲಿಯಾಗುವುದು ಅಭ್ಯಾಸ, ಆದರೆ ಮೇಷ್ಟ್ರ ಪೀಠಿಕೆ ಒಂದು ನಿಮಿಷವೂ ಕುಗ್ಗುವುದಿಲ್ಲ. ಕತ್ತರಿ ಅಲ್ಲಿಗೆ ಹಾಕಿ.

ಗಂಟೆ ಹೊಡೆದ ಮೇಲೆ ಯೋಜನೆಯ ಅಂಚಿನಲ್ಲಿ ಮೂರು ಸಾಲು ಗೀಚಿಟ್ಟರೆ ಮುಂದಿನ ಸಲಕ್ಕೆ ಆಧಾರ: ಎಲ್ಲಿ ಸಮಯ ಮೀರಿತು, ಯಾವ ತಪ್ಪುತ್ತರಕ್ಕೆ ಹೆಚ್ಚು ಬೆರಳು ಎದ್ದವು, ಯಾವ ಉದಾಹರಣೆಗೆ ಎಲ್ಲರೂ ಕಿಟಕಿ ನೋಡಿದರು. ತಿದ್ದುವಾಗ ಒಂದು ಸಲಕ್ಕೆ ಒಂದನ್ನೇ ತಿದ್ದಿ. ಉದಾಹರಣೆ, ಅಭ್ಯಾಸ ಹಾಳೆ, ಗುಂಪಿನ ಗಾತ್ರ ಮೂರನ್ನೂ ಒಟ್ಟಿಗೆ ಬದಲಿಸಿದರೆ ಪಾಠ ಸುಧಾರಿಸಿದ್ದು ಯಾವುದರಿಂದ ಎಂದು ಹೇಳಲಾಗದು. ಆ ದಿನ ಜೋರು ಮಳೆ ಬಂದು ಅರ್ಧ ತರಗತಿ ಗೈರಾಗಿದ್ದರಿಂದಲೂ ಇರಬಹುದು.