ಆಡಿದವನೇ ಏಜೆಂಟ್ ಆದರೂ ಸಹಿ ಸಹಿಯೇ

ಆಟಗಾರರ ಒಪ್ಪಂದ, ಜಾಹೀರಾತು ನೋಡಿಕೊಳ್ಳುವ ಏಜೆನ್ಸಿಗಳ ಬಗ್ಗೆ ನಿಮ್ಮ ಲೇಖನದಲ್ಲಿ 'ಆಟಗಾರರೇ ಏಜೆನ್ಸಿ ಕಟ್ಟಿದರೆ ಕಿರಿಯರಿಗೆ ಮೋಸ ಆಗುವುದಿಲ್ಲ' ಎಂದು ಬರೆದಿದ್ದೀರಿ. ಈ ಮಾತು ನಾನು ಒಪ್ಪುವುದಿಲ್ಲ. ಟೆನಿಸ್ ಆಟಗಾರ ರೋಜರ್ ಫೆಡರರ್ 2013ರಲ್ಲಿ ತಮ್ಮ ಏಜೆಂಟ್ ಟೋನಿ ಗಾಡ್‌ಸಿಕ್ ಜೊತೆ 'ಟೀಮ್ 8' ಎಂಬ ಏಜೆನ್ಸಿ ಶುರು ಮಾಡಿದರು, ಟೆನಿಸ್ ಆಟಗಾರ್ತಿ ನವೋಮಿ ಒಸಾಕಾ 2022ರಲ್ಲಿ 'ಇವಾಲ್ವ್' ಎಂಬ ಏಜೆನ್ಸಿ. ಇಬ್ಬರೂ ಆಗಲೇ ಗ್ರ್ಯಾಂಡ್‌ಸ್ಲಾಮ್ ಗೆದ್ದು ಹೆಸರು ಮಾಡಿದವರು, ಕಂಪನಿಗಳೇ ಅವರನ್ನು ಹುಡುಕಿಕೊಂಡು ಬರುತ್ತಿದ್ದವು. ಅವರ ಉದಾಹರಣೆ ಹಿಡಿದು ಎಲ್ಲರ ಬಗ್ಗೆ ಹೇಳುವುದು ಸರಿಯಲ್ಲ, ಅಲ್ವಾ?

ನಮ್ಮ ಅಂಕೋಲಾ ಕಡೆಯ ಕಬಡ್ಡಿ ಹುಡುಗರನ್ನು ನೋಡಿ. ನನ್ನ ಅಣ್ಣನ ಮಗ ರೈಡರ್. ಕಾರವಾರದಲ್ಲಿ ಒಂದು ಟೂರ್ನಮೆಂಟ್ ಮುಗಿದ ರಾತ್ರಿ ಏಜೆಂಟ್ ಒಬ್ಬ ಬೈಕಿನ ಸೀಟಿನ ಮೇಲೆ ಕಾಗದ ಇಟ್ಟು ಸಹಿ ಹಾಕಿಸಿಕೊಂಡ. ಹುಡುಗ ಇನ್ನೂ ಮೊಣಕಾಲಿನ ಪಟ್ಟಿ ಬಿಚ್ಚಿರಲಿಲ್ಲ. ಒಂಬತ್ತು ಪುಟ, ಪೂರ್ತಿ ಇಂಗ್ಲಿಷ್. ಮರುದಿನ ಮನೆಯಲ್ಲಿ ಕೂತು ನಾನು ಓದಿದೆ. ಐದು ವರ್ಷ ಬೇರೆ ಯಾರ ಮೂಲಕವೂ ಯಾವ ತಂಡಕ್ಕೂ ಹೋಗುವಂತಿಲ್ಲ, ಬಂದ ಹಣದಲ್ಲಿ ಕಾಲು ಭಾಗ ಅವನಿಗೆ. ಓದುತ್ತಾ ಓದುತ್ತಾ ನನ್ನ ಕೈ ನಡುಗಿತು. ಆ ಏಜೆಂಟ್ ಕೂಡ ಹಿಂದೆ ಕಬಡ್ಡಿ ಆಡಿದವನೇ. 'ನಾನೂ ನಿನ್ನ ಹಾಗೇ ಮ್ಯಾಟ್ ಮೇಲೆ ಬಿದ್ದು ಎದ್ದವನು' ಎಂದು ಹೇಳಿಯೇ ನಂಬಿಸಿದ್ದ.

ಇನ್ನೊಂದು ವಿಷಯ ನೀವು ಮುಟ್ಟಲೇ ಇಲ್ಲ. ಒಸಾಕಾ ಏಜೆನ್ಸಿಗೆ ಇನ್ನೊಬ್ಬ ಟೆನಿಸ್ ಆಟಗಾರ್ತಿ ಆನ್ಸ್ ಜಬೂರ್ ಸೇರಿದರು. ಆಗ ಇಬ್ಬರೂ ಅದೇ ಟೂರ್ನಿಗಳಲ್ಲಿ ಆಡುತ್ತಿದ್ದವರು. ಒಂದು ಜಾಹೀರಾತು ಇಬ್ಬರಿಗೂ ಒಪ್ಪುವಂತಿದ್ದರೆ ಅದು ಯಾರಿಗೆ ಹೋಗಬೇಕು?

ಆಟಗಾರರ ಏಜೆನ್ಸಿ ಬೇಡ ಎನ್ನುತ್ತಿಲ್ಲ. ಆದರೆ ಒಪ್ಪಂದ ಕನ್ನಡದಲ್ಲಿರಲಿ, ಸಹಿಗೆ ಮೊದಲು ಒಂದು ವಾರ ಅದು ಹುಡುಗನ ಮನೆಯಲ್ಲಿರಲಿ.