ಸತ್ಯಾಂಶ: ಒಂದು ಪ್ರೋಟೀನ್ ನೋಡಿದರೆ ಬೆಕ್ಕಿನ ಕರುಳಿನ ರೋಗ ಗೊತ್ತಾಗುತ್ತದೆಯೇ?

ಮಂಗಳೂರಿನ ಬೆಕ್ಕುಪ್ರಿಯರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ. 'ರಕ್ತದಲ್ಲಿ ಸೀರಮ್ ಅಮೈಲಾಯ್ಡ್ ಎ ಪ್ರೋಟೀನ್ ಜಾಸ್ತಿ ಇದ್ದರೆ ಬೆಕ್ಕಿಗೆ ಕರುಳಿನ ರೋಗ ಖಚಿತ. ಬೇರೆ ಪರೀಕ್ಷೆ ಸುಮ್ನೆ ದುಡ್ಡು ದಂಡ.'

ಇದು ತಪ್ಪು.

ದೇಹದಲ್ಲಿ ಎಲ್ಲೇ ಉರಿಯೂತ ಆದರೂ ಲಿವರ್ ಈ ಪ್ರೋಟೀನನ್ನು ಹೆಚ್ಚು ತಯಾರಿಸುತ್ತದೆ. ಇನ್ನೊಂದು ಬೆಕ್ಕು ಕಚ್ಚಿ ಗಾಯ ಕೀವಾದರೂ ಅದು ಏರಬಹುದು. ಎಲ್ಲೋ ತೊಂದರೆ ಇದೆ ಅನ್ನುತ್ತದೆ, ಎಲ್ಲಿ ಅಂತ ಹೇಳುವುದಿಲ್ಲ. ರಕ್ತದ ಇನ್ನೊಂದು ಪ್ರೋಟೀನ್ ಆಲ್ಬುಮಿನ್ ಕಥೆಯೂ ಹಾಗೆಯೇ. ಕರುಳಿನಿಂದ ಸೋರಿದರೆ ಕಡಿಮೆಯಾಗುತ್ತದೆ, ಲಿವರ್ ಅಥವಾ ಕಿಡ್ನಿ ಕೆಟ್ಟರೂ ಕಡಿಮೆಯಾಗುತ್ತದೆ.

ಹಾಗಂತ ರಕ್ತ ಪರೀಕ್ಷೆ ಬೇಡ ಅಂತಲ್ಲ. ವಯಸ್ಸಾದ ಬೆಕ್ಕು ವಾಂತಿ ಮಾಡಿಕೊಂಡು ಸೊರಗುತ್ತಿದ್ದರೆ ಥೈರಾಯ್ಡ್, ಕಿಡ್ನಿ ನೋಡಲೇಬೇಕು. ವಿಟಮಿನ್ ಬಿ12 ಕಡಿಮೆ ಇದ್ದರೆ ಸಣ್ಣ ಕರುಳಿನ ಕೊನೆಯ ಭಾಗದ ಮೇಲೆ ಅನುಮಾನ ಬರುತ್ತದೆ, ಏಕೆಂದರೆ ದೇಹ ಅದನ್ನು ಹೀರಿಕೊಳ್ಳುವುದು ಅಲ್ಲಿಯೇ.

ವಾಂತಿ, ಭೇದಿ 3 ವಾರ ದಾಟಿದರೆ ವೈದ್ಯರು ಮಲ ಪರೀಕ್ಷೆ, ಅಲ್ಟ್ರಾಸೌಂಡ್ ಮಾಡಿಸುತ್ತಾರೆ. ಕೆಲವು ವಾರ ಬೇರೆ ಆಹಾರ ಕೊಟ್ಟು ನೋಡುತ್ತಾರೆ. ನಮ್ಮೂರಲ್ಲಿ ಕಷ್ಟ ಇರುವುದೇ ಇಲ್ಲಿ. ಪಕ್ಕದ ಮನೆಯವರು ಪ್ರೀತಿಯಿಂದ ಹಾಕುವ ಒಂದು ತುಂಡು ಬೂತಾಯಿ, ಬಂಗುಡೆ ಮೀನು ಸಾಕು, ಆ ಪ್ರಯೋಗ ಕೆಡಲು. ಅವರಿಗೆ ಮೊದಲೇ ಹೇಳಿಡಿ. ಆಹಾರ ಬದಲಿಸಿದ್ದಕ್ಕೇ ಎಷ್ಟೋ ಬೆಕ್ಕುಗಳು ಚೇತರಿಸಿಕೊಳ್ಳುತ್ತವೆ.

ಉಳಿದವಕ್ಕೆ ಕರುಳಿನ ಚೂರು ತೆಗೆದು ನೋಡುವ ಬಯಾಪ್ಸಿ ಬೇಕಾಗಬಹುದು. ಕರುಳಿನ ಉರಿಯೂತ ಮತ್ತು ನಿಧಾನವಾಗಿ ಬೆಳೆಯುವ ಲಿಂಫೋಮಾ ಕ್ಯಾನ್ಸರ್ ನೋಡಲು ಒಂದೇ ಥರ. ಸೂಕ್ಷ್ಮದರ್ಶಕದ ಕೆಳಗೂ ಕೆಲವೊಮ್ಮೆ ಗೊಂದಲವಾಗುತ್ತದೆ. ಚಿಕಿತ್ಸೆ ಮಾತ್ರ ಬೇರೆ ಬೇರೆ. ಬಯಾಪ್ಸಿಗೆ ಮುಂಚೆಯೇ ಸ್ಟೀರಾಯ್ಡ್ ಕೊಟ್ಟುಬಿಟ್ಟರೆ ವರದಿ ಇನ್ನಷ್ಟು ಗೊಂದಲವಾಗಬಹುದು, ಆದ್ದರಿಂದ ಮನೆಯಲ್ಲಿ ಉಳಿದಿರುವ ಸ್ಟೀರಾಯ್ಡ್ ಮಾತ್ರೆಯನ್ನು ನೀವೇ ಹಾಕಬೇಡಿ.